ಶಿವಲಿಂಗಮ್ಮನ ಮೊಳೆ

“ಆ ಹಲಸಿನ ಮರಕ್ಕೆ ಕೈ ಹಾಕ್ಬ್ಯಾಡಿ ಸಾರ್. ನಮ್ಮ ಓರಗಿತ್ತಿ ಶಿವಲಿಂಗಮ್ಮಂಗೆ ಮಾಟ ಮಾಡ್ಸಿ ಅದಕ್ಕೇ ಮೊಳೆ ಹೊಡ್ದವ್ರೆ. ಮೂಗಿಯಾಗೇ ಸತ್ಲು.”

ಪಕ್ಕದ ಮನೆಯ ಮುದುಕಿ ಸಿದ್ದಮ್ಮನ ಮಾತಿಗೆ ಪರಮಾನಂದ ನಕ್ಕ. ಹೆದ್ದಾರಿ ಪಕ್ಕದ ಮಾಕಳಿಯಲ್ಲಿ ಅವಳ ಮಗ ಮಾರಿದ ಜಾಗ ಕೊಂಡು, ಶೆಡ್ಡು ಹಾಕಿ, ಬಾಗಿಲು ಮಂಚ ಮಾಡುವ ಕೆಲಸ ಶುರುಮಾಡಿ ಅವನಿಗೆ ತಿಂಗಳಾಗಿತ್ತು.

“ಗೆದ್ದಲು ಹತ್ತದ ಮರ ಅಮ್ಮಾ. ಬೀಜ ಸಾರಿಗೆ, ಹಣ್ಣು ಹೊಟ್ಟೆಗೆ, ದಿಮ್ಮಿ ನನ್ನ ಬಾಗಿಲಿಗೆ. ಮಾಟಕ್ಕೆ ಇನ್ನೇನು ಉಳೀತು?”

ಮರುದಿನ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ತಾನೇ ಗರಗಸದ ಯಂತ್ರ ಹಿಡಿದ. ಮರ ಉರುಳಿತು. ಉಳಿದ ಬೊಡ್ಡೆಯಲ್ಲಿ ಗೇಣುದ್ದದ ತುಕ್ಕು ಮೊಳೆ, ಅದಕ್ಕೆ ಸುತ್ತಿದ ಹೆಂಗಸಿನ ಕೂದಲು. ಇಕ್ಕಳದಿಂದ ಎಳೆದು ಕಿತ್ತ.

ತೂತಿನಿಂದ ಬಿಳಿ ಮೇಣ ಉಕ್ಕಿತು. ಒಂದು ಕಾಯಿಯೂ ಇಲ್ಲದ ಕಾರ್ತಿಕದಲ್ಲಿ ಕೊಳೆತ ಹಲಸಿನ ನಾತ ಮೂಗಿಗೆ ಅಡರಿತು. ಹೆದ್ದಾರಿಯ ಲಾರಿಗಳ ಸದ್ದು ತಟ್ಟನೆ ನಿಂತಿತು. ಹಾಡಹಗಲೇ ಕಣ್ಣಿಗೆ ಕತ್ತಲು. ಕಿವಿಯ ಪಕ್ಕ ಯಾರೋ ಉಸಿರೆಳೆದರು. ಆ ತಣ್ಣನೆಯ ಉಸಿರು ಅವನ ಗಂಟಲಿಗೆ ಇಳಿಯಿತು.

ಮರ ಬಿದ್ದ ಸದ್ದಿಗೆ ಸಿದ್ದಮ್ಮ ಓಡಿಬಂದಳು. ಅವಳನ್ನು ಕಂಡದ್ದೇ ಪರಮಾನಂದನ ಬಾಯಿ ತಾನಾಗಿ ತೆರೆಯಿತು. ಹೊರಬಂದದ್ದು ಹೆಂಗಸಿನ ದನಿ.

“ಪಾಯಸದಾಗೆ ಪಾಷಾಣ ಕಲ್ಸಿ ಅತ್ತೇನ ಕೊಂದೋಳು ನೀನು, ಸಿದ್ದಕ್ಕ. ನಾನು ನೋಡ್ದೆ. ಅದಕ್ಕೇ ನನ್ನ ನಾಲಿಗೆ ಕಟ್ಟಿಸ್ದೆ.”

ಸಿದ್ದಮ್ಮನ ಮುಖ ಬಿಳುಚಿಕೊಂಡಿತು. ಒಂದೇ ಗಳಿಗೆ. ಆಮೇಲೆ ಬಗ್ಗಿ ಮೊಳೆ ಎತ್ತಿಕೊಂಡಳು. ಪರಮಾನಂದನ ತಲೆಯಿಂದ ಹಿಡಿ ಕೂದಲು ಕಿತ್ತು ಅದಕ್ಕೆ ಸುತ್ತಿದಳು. ಸುತ್ತಿಗೆ ತಗೊಂಡಳು.

“ಬ್ಯಾಡ ಅಂದೆ. ಕೇಳ್ಲಿಲ್ಲ ನೀವು.”

ಬೊಡ್ಡೆಗೆ ಮೊದಲ ಪೆಟ್ಟು. ನಾಲಿಗೆ ಮರಗಟ್ಟಿತು. ಎರಡನೆಯದು. ತುಟಿಗೆ ತುಟಿ ಅಂಟಿತು. ಓಡಲು ನೋಡಿದ. ಕಾಲು ಏಳಲಿಲ್ಲ. ಕೂಗಲು ನೋಡಿದ. ಮೂರನೆಯದು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಅಂದರು. ಬರೆದು ತಿಳಿಸೋಣವೆಂದರೆ ಬೆರಳು ಬಗ್ಗಲಿಲ್ಲ. ಗಂಡನನ್ನು ಆಟೋದಲ್ಲಿ ಹಾಕಿಕೊಂಡು ಬಂದು ಉಳಿಸಿದವಳೆಂದು ಹೆಂಡತಿ ಮಹಾಲಕ್ಷ್ಮಿ ಸಿದ್ದಮ್ಮನ ಕಾಲು ಹಿಡಿದು ಅತ್ತಳು. ಪರಮಾನಂದ ಕಣ್ಣಲ್ಲೇ ಅರಚಿದ. ನೋವಿಗಿರಬೇಕು ಅಂದುಕೊಂಡು ಮಹಾಲಕ್ಷ್ಮಿ ಅವನ ಕಣ್ಣೀರು ಒರೆಸಿದಳು.

“ನೀನೋಗಿ ಔಷಧಿ ತಗೊಂಡ್ಬಾ ತಾಯಿ. ನಾನು ಉಣ್ಣಿಸ್ತೀನಿ.”

ಮಹಾಲಕ್ಷ್ಮಿಯ ಹೆಜ್ಜೆ ಸದ್ದು ಮೆಟ್ಟಿಲಿಳಿಯಿತು. ಸಿದ್ದಮ್ಮ ಬಾಗಿಲು ಮುಚ್ಚಿದಳು. ಹೆಬ್ಬೆರಳಿನಿಂದ ಅವನ ದವಡೆ ಬಿಡಿಸಿ ಚಮಚ ಒಳಗಿಟ್ಟಳು.

“ಗಂಜಿ ಬಿಸಿ ಐತೆ ಸಾರ್. ನಿಧಾನಕ್ಕೆ ನುಂಗಿ.”