ಎರಡು ರಾಶಿ ಮಣ್ಣು

"ಗುಂಡಿ ಕುಸಿದದ್ದು ನನ್ನ ತಪ್ಪಿನಿಂದ ಅಂತ ತನಿಖಾ ವರದಿಯಲ್ಲಿ ಬರೆದಿದ್ದಾರೆ ಅಮ್ಮಾ. ಮೇಷ್ಟ್ರ ಸಾವು ನನ್ನ ತಲೆಗೆ ಬಂದಿದೆ."

ಕುರ್ಚಿ ತೋರಿಸಿದರೂ ಹುಡುಗಿ ಕೂರಲಿಲ್ಲ. ಆಗಷ್ಟೇ ಆಸ್ಪತ್ರೆಯಿಂದ ಬಂದ ಡಾಕ್ಟರಿಗೆ ಅವಳ ಗುರುತು ಸಿಕ್ಕಿತು. ಬೆಟ್ಟದ ಮೇಲಿನ ಮಣ್ಣು ಸಂಶೋಧನಾ ಕೇಂದ್ರದ ಸಹಾಯಕಿ. ಅರಣ್ಯದ ರೇಂಜರ್ ಮಗಳು. ಅವಳ ಮೇಲಧಿಕಾರಿಯ ಶವಪರೀಕ್ಷೆ ಮಾಡಿದವರು ಅವರೇ. ಊರೆಲ್ಲ 'ಮಣ್ಣಿನ ಮೇಷ್ಟ್ರು' ಎಂದು ಕರೆಯುತ್ತಿದ್ದ ಆ ವಿಜ್ಞಾನಿ, ಮಣ್ಣಿನ ಪದರ ನೋಡಲೆಂದು ಇಳಿಜಾರಿನಲ್ಲಿ ತೋಡಿಸಿದ್ದ ಆಳೆತ್ತರದ ಗುಂಡಿಯಲ್ಲಿ ಹೂತುಹೋಗಿದ್ದರು.

ಹುಡುಗಿ ಬಂದದ್ದು ಡಾಕ್ಟರ ಬಳಿಗಲ್ಲ, ಅವರ ಸೋದರತ್ತೆಯ ಬಳಿಗೆ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿಯೇ ತಲೆ ನೆರೆಸಿಕೊಂಡ ಹೆಂಗಸು ಆಕೆ. ನಿವೃತ್ತಿಯಾಗಿ ಅಣ್ಣನ ಮಗನ ಮನೆ ಸೇರಿದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಪೊಲೀಸರು ಕೂಡ ತೊಡಕಿನ ಪ್ರಕರಣ ಬಂದಾಗ ಆ ಮನೆಯ ವರಾಂಡಕ್ಕೆ ಬಂದು ಕೂರುವುದಿತ್ತು.

"ಏನಂತ ಬರೆದಿದ್ದಾರೆ, ಸರಿಯಾಗಿ ಹೇಳು," ಎಂದರು ಅತ್ತೆ.

"ಅಗೆದ ಮಣ್ಣನ್ನ ಗುಂಡಿ ಅಂಚಿಗೇ ರಾಶಿ ಹಾಕಿಸಿದ್ದೆನಂತೆ. ಸಂಜೆ ಮಳೆ ಶುರುವಾದಾಗ ಅದರ ಭಾರಕ್ಕೆ ಗೋಡೆ ಕುಸಿದು, ರಾಶಿಯೂ ಮೇಲೆ ಬಿತ್ತಂತೆ. ಸುಳ್ಳು ಅಮ್ಮಾ. ವಾರಗಳ ಹಿಂದೆ ಗುಂಡಿ ತೋಡಿಸಿದಾಗಲೇ ಎರಡು ರಾಶಿಯನ್ನೂ ದೂರದಲ್ಲೇ ಹಾಕಿಸಿದ್ದೆ. ಕಪ್ಪು ಮೇಲ್ಮಣ್ಣು ಒಂದು ಕಡೆ, ಅಡಿಯ ಕಂದು ಮಣ್ಣು ಎದುರು ಕಡೆ. ಅವೆರಡನ್ನೂ ಬೆರೆಸೋ ಹಾಗಿಲ್ಲ."

"ಆ ದಿನ ನೀನೆಲ್ಲಿದ್ದೆ?"

"ಮಣ್ಣಿನ ಮಾದರಿ ತಗೊಂಡು ಪೇಟೆಯ ಲ್ಯಾಬಿಗೆ ಬಂದಿದ್ದೆ. ವಾಪಸ್ ಬಸ್ಸು ಸಿಗದೆ ಗೆಳತಿ ಮನೇಲಿ ಉಳಿದೆ. ಪೊಲೀಸ್ರು ಎಲ್ಲ ವಿಚಾರಿಸಿದ್ದಾರೆ. ಬೆಳಿಗ್ಗೆ ಮೊದಲು ನೋಡಿದ್ದು ನಮ್ಮಪ್ಪ. ಪಾಪ, ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ಅವರಿಗೆ. 'ಒಪ್ಕೊಂಡ್ಬಿಡು ಮಗಳೇ, ಹೆಚ್ಚಂದ್ರೆ ಕೆಲಸ ಹೋಗುತ್ತೆ' ಅಂತಾರೆ."

ಅತ್ತೆ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ನಾನು ಅಗೆಯೋಕೆ ಶುರು ಮಾಡಿದ್ರೆ ನಿನಗೆ ಬೇಕಾದಷ್ಟಕ್ಕೇ ನಿಲ್ಸೋಳಲ್ಲ. ಏನು ಸಿಕ್ಕಿದ್ರೂ ಮತ್ತೆ ಮುಚ್ಚಿಡೋಕೆ ಆಗಲ್ಲ. ಯೋಚನೆ ಮಾಡು."

"ಅಗೀರಿ," ಎಂದಳು ಹುಡುಗಿ.

ಅವಳು ಹೋದ ಮೇಲೆ ಅತ್ತೆ ಡಾಕ್ಟರ ಕಡೆ ತಿರುಗಿದರು. "ಹೆಣ ತೆಗೆಯುವಾಗ ನೀನಲ್ಲೇ ಇದ್ದೆ ತಾನೇ? ಕಂಡದ್ದು ಹೇಳು. ಅಂದಾಜು ಬೇಡ."

ಡಾಕ್ಟರು ನೆನಪಿಸಿಕೊಂಡರು. ಆಳುಗಳು ಮೇಲಿನಿಂದ ಮೊದಲು ಕಪ್ಪು ಮಣ್ಣು ತೆಗೆದರು. ಅದು ಮುಗಿದ ಮೇಲೆ ಕಂದು. ತೊಡೆಯ ಮಟ್ಟದಿಂದ ಕೆಳಗೆ ಮಾತ್ರ ಕಪ್ಪು ಕಂದು ಎರಡೂ ಕಲಸಿಹೋದ ಜಿಡ್ಡು ಮಣ್ಣು. ಕಾಲು ಬಿಡಿಸಲು ಇಬ್ಬರು ಎಳೆಯಬೇಕಾಯಿತು. ಪ್ಯಾಂಟಿಗೆ ಆ ಮಣ್ಣು ಬೆಣ್ಣೆಯಂತೆ ಮೆತ್ತಿತ್ತು. ಅಂಗಿಯ ಮೇಲೆ ಮಾತ್ರ ಕೊಡವಿದರೆ ಉದುರುವಂಥ ಪುಡಿ. ಶ್ವಾಸನಾಳದಲ್ಲೂ ಅದೇ ಪುಡಿ; ಅಂದರೆ ಹೂತಾಗ ಮನುಷ್ಯ ಬದುಕಿದ್ದರು.

"ರಾತ್ರಿಯೆಲ್ಲ ಮಳೆ ಸುರಿದಿದೆ. ಅಂಗಿ ಮೇಲೆ ಒಣ ಪುಡಿ!" ಎಂದರು ಅತ್ತೆ. "ನಿನ್ನ ರಿಪೋರ್ಟಲ್ಲಿ ಇದನ್ನ ಬರೆದಿದ್ದೀಯಾ?"

"ಮಣ್ಣು ಅಂತ ಬರೆದೆ."

"ಶಹಬ್ಬಾಸ್. ಮಣ್ಣಲ್ಲಿ ಹೂತವನ ಮೈಮೇಲೆ ಮಣ್ಣು! ಎಷ್ಟು ಓದಿದೀಯಪ್ಪಾ."

ಮರುದಿನ ಅತ್ತೆ, ಡಾಕ್ಟರು ಹುಡುಗಿಯ ಜೊತೆ ಬೆಟ್ಟ ಹತ್ತಿದರು. ಅದು ಎಂದೋ ಉರಿದು ಆರಿದ ಜ್ವಾಲಾಮುಖಿ. ಅದರ ಬೂದಿ ಮತ್ತು ಕಲ್ಲು ಕರಗಿ ಆದ ಮಣ್ಣಿನ ಮೇಲೆ ಕಾಡು ಬೆಳೆದಿತ್ತು. ಈಗ ಇಳಿಜಾರಿನ ಅರ್ಧ ಭಾಗದಲ್ಲಿ ಮರಗಳಿರಲಿಲ್ಲ, ಬರೀ ಬೊಡ್ಡೆಗಳು. ಕೆಳಗೆ ಕಣಿವೆಯಲ್ಲಿ ಒಂದು ಹಳ್ಳಿಯ ಸೂರುಗಳು, ಶಾಲೆಯ ಅಂಗಳದಲ್ಲಿ ಆಡುವ ಮಕ್ಕಳು ಕಾಣುತ್ತಿದ್ದರು.

ಹುಡುಗಿ ಮರದಡಿಯಿಂದ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಡಾಕ್ಟರ ಅಂಗೈಗೆ ಹಾಕಿದಳು. ಹತ್ತಿಯಷ್ಟು ಹಗುರ. "ಉಜ್ಜಿ," ಎಂದಳು. ಉಜ್ಜಿದರೆ ಒಳಗಿನ ನೀರು ಬಿಟ್ಟು ಬೆರಳೆಲ್ಲ ಜಾರಿತು. ಕೈ ನಿಲ್ಲಿಸಿದರೆ ಮತ್ತೆ ಬಿಗಿಯಿತು. ಆಮೇಲೆ ಬಯಲಿನ ಕಡೆಯಿಂದ ಬಿಸಿಲಿಗೆ ಒಣಗಿದ ಮಣ್ಣು ತಂದು ನೀರಿನ ಲೋಟಕ್ಕೆ ಹಾಕಿದಳು. ಕೆಲವು ಕಾಳು ತೇಲಿದವು, ಕೆಲವು ತಳ ಸೇರಿದವು. ಎಷ್ಟು ಹೊತ್ತು ಕಾದರೂ ಯಾವುದೂ ಮೆತ್ತಗಾಗಲಿಲ್ಲ.

"ಪೂರ್ತಿ ಒಣಗಿದ್ರೆ ಮುಗೀತು. ಆಮೇಲೆ ಎಷ್ಟು ನೀರು ಕೊಟ್ರೂ ಮೊದಲಿನ ಹಾಗೆ ಹೀರ್ಕೊಳ್ಳಲ್ಲ. ಮರ ಕಡಿದ ಕಡೆಯೆಲ್ಲ ಹೀಗಾಗಿದೆ. ದೊಡ್ಡ ಮಳೆಗೆ ಈ ಇಳಿಜಾರು ನಿಲ್ಲಲ್ಲ, ಹಳ್ಳಿ ಖಾಲಿ ಮಾಡಿಸ್ಬೇಕು ಅಂತ ಮೇಷ್ಟ್ರು ಬರೆಯೋರಿದ್ರು. ಕಡಿಯೋಕೆ ಅನುಮತಿ ಹೇಗೆ ಸಿಕ್ತು ಅಂತಾನೂ ಕೇಳೋರಿದ್ರು."

ಅಷ್ಟರಲ್ಲಿ ಮರದ ಕಂಟ್ರಾಕ್ಟರ್ ಏದುಸಿರು ಬಿಡುತ್ತಾ ಹತ್ತಿ ಬಂದ. "ಹೌದು, ಅವತ್ತು ಮೇಷ್ಟ್ರ ಜೊತೆ ಜಗಳ ಆಡಿದೆ. 'ನಿನ್ನ ಗುಂಡೀಲಿ ನಿನ್ನನ್ನೇ ಹೂಳ್ತೀನಿ' ಅಂತಾನೂ ಅಂದೆ. ಎಲ್ರೂ ಕೇಳಿದ್ದಾರೆ. ಹೂಳೋನು ಡಂಗುರ ಹೊಡ್ಕೊಂಡು ಹೂಳ್ತಾನಾ ತಾಯೀ?"

"ಹೊಡೀದೇ ಹೂಳೋದು ವಾಡಿಕೆ," ಎಂದರು ಅತ್ತೆ.

ಸ್ವಲ್ಪ ಆಚೆ ರೇಂಜರ್ ಸಸಿ ನೆಡಿಸುತ್ತಿದ್ದರು. ಕೆನ್ನೆ ಒಳಸೇರಿತ್ತು. "ಮಣ್ಣು ಬೆರಕೆ ಮಾಡಬೇಡ್ರೋ, ಎಷ್ಟು ಸಲ ಹೇಳ್ಬೇಕು!" ಎಂದು ಆಳುಗಳನ್ನು ಗದರಿಸಿ, ಅತ್ತೆಯ ಬಳಿ ಬಂದು ಕೈಮುಗಿದರು. "ಅಮ್ಮಾ, ಸತ್ತೋರಂತೂ ಬರಲ್ಲ. ನನ್ನ ಮಗಳನ್ನ ಸುಮ್ನೆ ಆಸೆಗೆ ಹಚ್ಚಬೇಡಿ."

ಆಳುಗಳು ಸಸಿಗೆ ಮಣ್ಣು ತುಂಬುವುದನ್ನೇ ಅತ್ತೆ ನೋಡಿದರು. ವಾಪಸು ಬರುವಾಗ ಎರಡು ಚೀಲ ಒಣ ಮಣ್ಣು ತುಂಬಿಸಿಕೊಂಡರು. ದಾರಿಯುದ್ದಕ್ಕೂ ಒಂದೇ ಒಂದು ತಮಾಷೆ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ವರಾಂಡದಲ್ಲಿ ಇನ್ಸ್‌ಪೆಕ್ಟರ್, ಕಂಟ್ರಾಕ್ಟರ್, ರೇಂಜರ್ ಮತ್ತು ಹುಡುಗಿ ಸೇರಿದರು. ಮೇಜಿನ ಮೇಲೆ ಆಸ್ಪತ್ರೆಯ ಎರಡು ದೊಡ್ಡ ಗಾಜಿನ ಜಾಡಿ, ಎರಡು ಬೋಗುಣಿ ಕಪ್ಪು ಮಣ್ಣು, ಎರಡು ಬೋಗುಣಿ ಕಂದು ಮಣ್ಣು.

"ಗಿಡ ನೆಡಬೇಕು, ನನಗೆ ಸೊಂಟ ಬಗ್ಗಲ್ಲ," ಎಂದರು ಅತ್ತೆ. "ನೀವಿಬ್ರೂ ಒಂದೊಂದು ಜಾಡಿ ತುಂಬಿಸಿಕೊಡಿ."

ಕಂಟ್ರಾಕ್ಟರ್ ಕೈಗೆ ಸಿಕ್ಕ ಬೋಗುಣಿ ಎತ್ತಿ ಸುರಿದ. ಕಪ್ಪು ಅಡಿಗೆ ಬಿತ್ತು, ಕಂದು ಅದರ ಮೇಲೆ. ರೇಂಜರ್ ಯಾವುದೋ ಯೋಚನೆಯಲ್ಲಿದ್ದರು. ಅವರ ಕೈ ತಾನಾಗಿ ಹತ್ತಿರದ ಕಪ್ಪು ಬೋಗುಣಿಯನ್ನು ಆಚೆ ಸರಿಸಿ ದೂರದ ಕಂದನ್ನು ಎಳೆದುಕೊಂಡಿತು. ಮೊದಲು ಕಂದು. ತಟ್ಟಿ ಸಮ ಮಾಡಿದ ಮೇಲೆ ಕಪ್ಪು.

ಡಾಕ್ಟರು ಆ ಜಾಡಿ ನೋಡಿದರು. ಹೆಣ ತೆಗೆಯಲು ಆಳುಗಳು ಅಗೆದ ಗುಂಡಿಯೇ ಗಾಜಿನಲ್ಲಿ ನಿಂತಂತಿತ್ತು.

"ಗೋಡೆ ಕುಸಿದದ್ದು ನಿಜ," ಅತ್ತೆ ನಿಧಾನವಾಗಿ ಶುರು ಮಾಡಿದರು. "ಕುಸಿದ ಹಸಿ ಮಣ್ಣು ಕಲಸಿಹೋಗಿತ್ತು, ತೊಡೆಯವರೆಗೆ ಮಾತ್ರ. ಅದಕ್ಕೆ ಯಾರೂ ಸಾಯಲ್ಲ. ಆದರೆ ಆ ಮಣ್ಣು ಒದ್ದಾಡಿದಾಗ ಜಾರುತ್ತೆ, ನಿಂತಾಗ ಬಿಗಿಯುತ್ತೆ. ಹೊರಗೆ ಬರೋಕಾಗದೆ ಮೇಷ್ಟ್ರು ಕೂಗಿರಬೇಕು. ಅದರ ಮೇಲಿದ್ದದ್ದು ಬೇರೆ ಮಣ್ಣು, ವಾರಗಟ್ಟಲೆ ಬಿಸಿಲಲ್ಲಿ ಒಣಗಿದ ರಾಶಿಯದು. ಅದಕ್ಕೇ ರಾತ್ರಿಯ ಮಳೆಗೂ ಪುಡಿಯಾಗೇ ಉಳೀತು. ರಾಶಿಯ ಭಾರಕ್ಕೆ ಗೋಡೆ ಬಿದ್ದಿದ್ರೆ ಹಸಿ, ಒಣ ಎರಡೂ ಬೆರೀಬೇಕಿತ್ತು. ಬೆರೆತಿರಲಿಲ್ಲ. ಎದುರುಬದುರು ಇದ್ದ ಎರಡು ರಾಶಿ ತಾವಾಗೇ ಜಾರಿದ್ರೂ ಕಲಸಿಹೋಗ್ಬೇಕಿತ್ತು. ಆದರೆ ಕಂದು ಪೂರ್ತಿ ಬಿದ್ದ ಮೇಲೇ ಕಪ್ಪು ಬಿದ್ದಿದೆ. ಯಾರೋ ಸಲಿಕೆ ಹಿಡಿದು ಶಿಸ್ತಾಗಿ ಮುಚ್ಚಿದ್ದಾರೆ. ಮೇಲ್ಮಣ್ಣು ಮೇಲೇ ಇರ್ಬೇಕು, ಇಲ್ದಿದ್ರೆ ಅಲ್ಲಿ ಏನೂ ಬೆಳೆಯಲ್ಲ ಅಂತ ಕೈಗೆ ಅಭ್ಯಾಸ ಆದೋರು. ಕಂಟ್ರಾಕ್ಟರಿಗೆ ಆ ಅಭ್ಯಾಸ ಇಲ್ಲ. ಈ ಹುಡುಗಿಗೆ ಇದೆ, ಅವಳು ಪೇಟೆಯಲ್ಲಿದ್ದಳು."

"ಜಾಡಿ ತೋರಿಸಿದ್ರೆ ಕೋರ್ಟು ಒಪ್ಪಲ್ಲ ಅಮ್ಮಾ," ಎಂದರು ಇನ್ಸ್‌ಪೆಕ್ಟರ್.

"ಒಪ್ಪಲ್ಲ," ಎಂದರು ಅತ್ತೆ.

ಹುಡುಗಿ ಜಾಡಿಯನ್ನೇ ನೋಡುತ್ತಿದ್ದಳು. "ಅಪ್ಪಾ," ಎಂದಳು. ಅಷ್ಟೇ.

ರೇಂಜರ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡರು. "ಮರ ಕಡಿಯೋ ಅನುಮತಿಗೆ ಸಹಿ ಹಾಕಿದ್ದು ನಾನು. ಮೇಷ್ಟ್ರು ಬರೆದಿದ್ರೆ ಮೊದಲು ಓದೋಳು ನೀನು. ಗುಂಡಿಯಿಂದ ಕೂಗಿದ್ರು, ಎಳೆಯೋಕಂತಲೇ ಹೋದೆ. ಅವರು ಕಾಲು ಬಿಡಿಸ್ಕೊಳ್ತಾ, 'ಕಡಿಯೋಕೆ ಬಿಟ್ಟೋರು ಯಾರು ಅಂತ ನಾಳೆ ಎಲ್ಲ ಬರೀತೀನಿ' ಅಂದ್ರು. ಸಲಿಕೆ ಅಲ್ಲೇ ಇತ್ತು." ಜಾಡಿಯನ್ನು ಮೇಜಿನಾಚೆ ಸರಿಸಿದರು. "ಮಳೆ ತಲೆಗೆ ಕಟ್ತಾರೆ ಅಂದ್ಕೊಂಡಿದ್ದೆ ಮಗಳೇ. ನಿನ್ನ ತಲೆಗೆ ಕಟ್ತಾರೆ ಅಂತ ಅಂದ್ಕೊಂಡಿರಲಿಲ್ಲ."

ಇನ್ಸ್‌ಪೆಕ್ಟರ್ ಅವರನ್ನು ಕರೆದೊಯ್ದರು. ಕಂಟ್ರಾಕ್ಟರ್ ಮೆಟ್ಟಿಲಿಳಿದ.

"ಅಂದ್ರೆ ಗೋಡೆ ಬಿದ್ದದ್ದಂತೂ ನಿಜ," ಎಂದಳು ಹುಡುಗಿ.

"ನಿಜ. ತೊಡೆಯವರೆಗೆ."

"ಅದು ಬೀಳದ ಹಾಗೆ ಹಲಗೆ ಆನಿಸಬೇಕಿತ್ತು. ನಾನು ಆನಿಸಿರಲಿಲ್ಲ."

ಹಾಗಲ್ಲ ಎಂದು ಅತ್ತೆ ಹೇಳಬಹುದೆಂದು ಡಾಕ್ಟರು ಕಾದರು. ಅತ್ತೆ ಹೇಳಲಿಲ್ಲ.

"ಹಳ್ಳಿ ಖಾಲಿ ಮಾಡಿಸೋ ವಿಷಯ?" ಎಂದು ಡಾಕ್ಟರೇ ಕೇಳಿದರು.

"ಕಚೇರಿಗೆ ಹೋಗಿದ್ದೆ," ಎಂದಳು ಹುಡುಗಿ. " ಹೊಸ ಅಧಿಕಾರಿ ಬಂದು ಮತ್ತೆ ಮೊದಲಿನಿಂದ ನೋಡ್ಬೇಕಂತೆ. ಮಳೆಗಾಲ ಮುಗಿದ ಮೇಲೆ. ಹಳ್ಳಿಗೂ ಹೋಗಿದ್ದೆ. 'ಮೇಷ್ಟ್ರನ್ನ ಸಾಯಿಸಿದೋಳ ಮಾತು ಯಾರು ಕೇಳ್ತಾರೆ' ಅಂದ್ರು. ಇನ್ನು ಕೊಲೆಗಾರನ ಮಗಳ ಮಾತು ಕೇಳ್ತಾರಾ?"

ಅವಳು ಕಂಟ್ರಾಕ್ಟರ್ ತುಂಬಿದ ಜಾಡಿಯನ್ನು ಬೋಗುಣಿಗೆ ಬಗ್ಗಿಸಿ, ಕಪ್ಪನ್ನು ಕಂದಿನಿಂದ ಬೇರ್ಪಡಿಸಲು ನೋಡಿದಳು. ಆಗಲಿಲ್ಲ. ಕೈ ಕೊಡವಿಕೊಂಡು, ಹಳ್ಳಿಯವರನ್ನು ಇನ್ನೊಮ್ಮೆ ಕೇಳಿ ನೋಡುತ್ತೇನೆಂದು ಎದ್ದು ಹೊರಟಳು.

ಅವಳು ಗೇಟು ದಾಟುವ ಹೊತ್ತಿಗೆ ಮಳೆ ಶುರುವಾಯಿತು. ಡಾಕ್ಟರು ಕೊಡೆ ಹಿಡಿದು ಓಡಿದರು. ಅವಳು ಆಗಲೇ ತಿರುವು ದಾಟಿದ್ದಳು. ವಾಪಸು ಬಂದಾಗ ಬೋಗುಣಿಯ ಒಣ ಮಣ್ಣಿನ ಮೇಲೆ ಸೂರಿನ ನೀರು ಬೀಳುತ್ತಿತ್ತು. ನೀರು ಒಳಗೆ ಇಳಿಯಲಿಲ್ಲ. ಮಣ್ಣಿನ ಮೇಲೇ ನಿಂತು, ಅಂಚು ತುಂಬಿ, ಹೊರಗೆ ಹರಿಯಿತು.

ಅತ್ತೆ ಬೆಟ್ಟದ ಕಡೆಯ ಕಿಟಕಿಯನ್ನು ಮುಚ್ಚಲಿಲ್ಲ. ಅದರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕಿವಿಗೊಟ್ಟು ಕೂತರು.