ಮೂವತ್ತಮೂರೂವರೆ ಡಿಗ್ರಿ

"ಈ ಹನೀನ ನನ್ನ ಮಕ್ಕಳ ಮೂಗಿಗೆ ಹಾಕೋಕೆ ನಾನು ಬಿಡಲ್ಲ!"

ಹೊಸ ಮದ್ದಿಗೆ ಒಪ್ಪಿಗೆ ಕೊಡುವ ಆಸ್ಪತ್ರೆಯ ತುಂಬಿದ ಸಭೆಯಲ್ಲಿ ಶಿಶು ವಾರ್ಡಿನ ಡಾಕ್ಟರು ಹಾಗೆಂದಾಗ ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಹುಟ್ಟುವಾಗ ಉಸಿರು ಸಿಗದೆ ಮಿದುಳು ನೊಂದ ಹಸುಗೂಸುಗಳಿಗೆಂದು ಅವಳು ನಾಲ್ಕು ವರ್ಷ ಲ್ಯಾಬಿನಲ್ಲಿ ಕೂತು ಮಾಡಿದ ಮದ್ದು ಅದು. ಮೂಗಿಗೆ ಒಂದೇ ಹನಿ. ಮೈಯ ಬಿಸಿಗೆ ಲೋಳೆಯಾಗಿ ಅಲ್ಲೇ ಅಂಟಿಕೊಂಡು, ಮೆಲ್ಲಗೆ ಮಿದುಳು ಸೇರಬೇಕು.

ಅವಳ ಅಣ್ಣ ಹಾಗೆ ಹುಟ್ಟಿದವನು. ಮೂವತ್ತು ದಾಟಿದರೂ ತಂಗಿಯ ಕೈಯಿಂದಲೇ ಉಣ್ಣುವವನು.

ನರ್ಸುಗಳು ಆ ಡಾಕ್ಟರಿಗಿಟ್ಟ ಹೆಸರು 'ತಣ್ಣನೆ ಡಾಕ್ಟ್ರು'. ಸರಿಯಾಗೇ ಇಟ್ಟಿದ್ದಾರೆ... ಎದೆಯೂ ತಣ್ಣಗೇ!

ಮರುದಿನ ಅವನ ಪತ್ರ ಬಂತು. ಒಡೆಯದೆ ಡ್ರಾಯರಿಗೆ ಎಸೆದಳು.

ಮೂರು ವಾರದ ಮೇಲೆ ವಾರ್ಡಿನ ಹಿರಿಯ ನರ್ಸಕ್ಕ ಫೋನ್ ಮಾಡಿದಳು.

"ಏನಮ್ಮಾ, ಮುನಿಸು ಮುಗೀತಾ? ಇವತ್ತು ಇನ್ನೊಂದು ಕೂಸು ಬಂತು. ನಿನ್ನ ಮುನಿಸಿಗೆ ಕಾಯೋಷ್ಟು ಪುರುಸೊತ್ತು ಅದಕ್ಕಿಲ್ಲ ಕಣೇ."

ಪತ್ರ ಒಡೆದಳು. ಎರಡೇ ಸಾಲು. 'ನಿಮ್ಮ ಮದ್ದು ಒಳ್ಳೆಯದು. ಬಂದು ಒಮ್ಮೆ ಮಗುವಿನ ಪಾದ ಮುಟ್ಟಿ ನೋಡಿ, ಆಮೇಲೆ ಬೈಯಿರಿ.'

ಹೋದಳು. ಮುಟ್ಟಿದಳು.

ಪಾದ... ತಣ್ಣಗಿತ್ತು.

"ಮಿದುಳು ಉಳೀಲಿ ಅಂತ ಮೂರು ದಿನ ಹೀಗೇ ಮೈ ತಂಪು ಮಾಡಿ ಇಡ್ತೀವಿ," ಅವನ ದನಿ ಮೆತ್ತಗಿತ್ತು. "ಮೂವತ್ತಮೂರೂವರೆ ಡಿಗ್ರಿ. ನಿಮ್ಮ ಹನಿ ಗಟ್ಟಿಯಾಗೋದು ಮೂವತ್ತಾರಕ್ಕೆ. ಇಲ್ಲಿ ಅದು ನೀರಾಗೇ ಗಂಟಲಿಗೆ ಜಾರುತ್ತೆ."

ಕೂಸುಗಳನ್ನು ತಂಪಿನಲ್ಲಿಡುವ ಮಾತನ್ನು ಅರ್ಜಿಯ ಮೊದಲ ಪುಟದಲ್ಲಿ ಅವಳೇ ಬರೆದಿದ್ದಳು! ಆದರೆ ಹನಿಯನ್ನು ಪರೀಕ್ಷಿಸುವ ಲ್ಯಾಬಿನ ನೀರಿನ ತೊಟ್ಟಿಯ ಬಿಸಿ ತೋರುವ ಮುಳ್ಳು ನಾಲ್ಕು ವರ್ಷವೂ ಮೂವತ್ತೇಳರಲ್ಲೇ ನಿಂತಿತ್ತು.

"ಅವತ್ತು ಎಲ್ಲರೂ ಒಪ್ಪಿಬಿಡೋದ್ರಲ್ಲಿದ್ರು. ಅದಕ್ಕೇ ಕಿರುಚಿದೆ. ಕ್ಷಮಿಸಿ."

"ನೀವಾ ಕ್ಷಮೆ ಕೇಳೋದು?"

ಮತ್ತೆ ಎಂಟು ತಿಂಗಳು. ಮುಳ್ಳು ಮೂವತ್ತಮೂರೂವರೆಗೆ ಇಳಿಯಿತು, ಹನಿ ಅಲ್ಲೇ ಗಟ್ಟಿಯಾಗುವುದನ್ನು ಕಲಿಯಿತು. ಪ್ರತಿ ಶನಿವಾರ ಅವನು ಹನಿ ಹಾಕಿ ನೋಡಲು ರಬ್ಬರಿನ ಬೊಂಬೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಲ್ಯಾಬಿಗೆ ಬಂದ. "ಸಂಸಾರ ಸಮೇತ ಬಂದ್ರಾ?" ಎಂದು ಅವಳು ನಗುವಷ್ಟಾಯಿತು.

ಕೊನೆಗೆ ಸಭೆಯೂ ಒಪ್ಪಿತು; ಮೊದಲ ಹನಿ ಮೊದಲ ಕೂಸಿನ ಮೂಗಿನಲ್ಲಿ ಜಾರದೆ ನಿಂತಿತು. ಮುಂದಿನದು ದೇವರಿಗೆ ಬಿಟ್ಟದ್ದು. ಅವಳು ಕಣ್ಣುಮುಚ್ಚಿ ಕೈಮುಗಿದಳು. ಆ ಕೈಗಳ ಮೇಲೆ ಅವನ ಕೈ ಬಂತು.

"ಅಣ್ಣನಿಗೆ ಉಣಿಸೋಕೆ ಇನ್ನೆರಡು ಕೈ ಇದ್ರೆ... ಆಗಬಹುದಾ?"

ಅವಳು ಕಣ್ಣು ತೆರೆದು ಆ ಕೈಯನ್ನು ನೋಡಿದಳು.

"ತಣ್ಣನೆ ಡಾಕ್ಟ್ರ ಕೈ ಬೆಚ್ಚಗಿದೆಯಲ್ಲ..."

"ಎಷ್ಟು ಡಿಗ್ರಿ?"

"ಇದನ್ನ ಮಾತ್ರ ನಾನು ಅಳೆಯಲ್ಲ."