ಕುಳ್ಳ ಪೈನಿನ ಉದ್ದ ಚಿಗುರು

ನಮ್ಮ ಹಿತ್ತಲಿನ ಕುಳ್ಳ ಪೈನ್ ಮೊಣಕಾಲೆತ್ತರ ದಾಟದ ತಳಿ. ಅಪರೂಪಕ್ಕೆ ಉದ್ದ ಚಿಗುರೊಂದು ಎದ್ದರೆ ಕೂಡಲೇ ಕತ್ತರಿಸಬೇಕು, ಬಿಟ್ಟರೆ ಇಡೀ ಗಿಡ ಮರವಾಗಿಬಿಡುತ್ತದೆ. ಅಕ್ಕ ಜ್ವರ ಬಂದು ಮಲಗಿದ ವಾರ ಅಂಥದ್ದೊಂದು ಚಿಗುರು ಅವಳ ಕಿಟಕಿಯತ್ತ ಬಾಗಿತು. ಮುಟ್ಟಿದರೆ ಅವಳ ಹಣೆಯಷ್ಟೇ ಬಿಸಿ. ಕತ್ತರಿಸಿದೆ. ಬೆಳಗಾದರೆ ಮತ್ತೆ ಬಂದಿರುತ್ತಿತ್ತು, ಕಿಟಕಿಗೆ ಇನ್ನಷ್ಟು ಹತ್ತಿರ.

“ಗಿಡದ ಜೊತೆ ಜಿದ್ದಿಗೆ ಬಿದ್ದಿದ್ದೀಯಲ್ಲೇ,” ಎಂದು ಅಮ್ಮ ನಕ್ಕಳು.

“ಅಕ್ಕ ಏಳೋವರೆಗೂ ಬಿಡಲ್ಲಮ್ಮ,” ಎಂದೆ.

ಕೊನೆಗೆ ಗಿಡವನ್ನೇ ಬುಡಸಮೇತ ಕಿತ್ತು ಸುಟ್ಟೆ. ಅಂದು ಸಂಜೆಯೇ ಅಕ್ಕನ ಜ್ವರ ಇಳಿಯಿತು. ಎದ್ದು ಊಟ ಕೇಳಿದಳು. ಅಕ್ಕನಿಗೆ ಮೂವತ್ತು ದಾಟಿದೆ, ಎತ್ತರ ಬೆಳೆಯುವ ವಯಸ್ಸಲ್ಲ. ಹಿಮ್ಮಡಿ ಮುಟ್ಟುತ್ತಿದ್ದ ಅವಳ ನೈಟಿ ಈಗ ಮೊಣಕಾಲಿನ ಹತ್ತಿರ ನಿಲ್ಲುತ್ತದೆ. ನಾನು ಬಟ್ಟೆ ಜೋಡಿಸಿ ಅಂಚು ಉದ್ದ ಮಾಡುತ್ತಿದ್ದೇನೆ, ಈ ವಾರದಲ್ಲಿ ಎರಡನೆಯ ಸಲ.